ದೇವರಿಲ್ಲದ ನಾಡಿನಲ್ಲಿ ದೇವರ ಹೆಸರು

ನಾವು 'ಉಪಕಾರವಾಯಿತು' ಎನ್ನುವ ಕಡೆಯಲ್ಲಿ ರಷ್ಯನ್ ಭಾಷಿಕರು 'ಸ್ಪಸೀಬ' ಎನ್ನುತ್ತಾರೆ. 'ದೇವರು ಕಾಪಾಡಲಿ' ಎಂಬ ಅರ್ಥದ ಎರಡು ಪದಗಳು ಜನರ ಬಾಯಿಯಲ್ಲಿ ಸವೆದು ಒಂದಾದ ಮಾತು ಅದು. ಅವರ ಭಾನುವಾರದ ಹೆಸರು 'ವೊಸ್ಕ್ರೆಸೇನ್ಯ'. ಅದರ ಅರ್ಥ ಪುನರುತ್ಥಾನ, ಎಂದರೆ ಶಿಲುಬೆಗೇರಿದ ಕ್ರಿಸ್ತನು ಮರಳಿ ಎದ್ದುಬಂದದ್ದು. 1917ರ ಕ್ರಾಂತಿಯ ತರುವಾಯ ಏಳು ದಶಕಗಳ ಕಾಲ ದೇವರಿಲ್ಲವೆಂದು ಶಾಲೆಗಳಲ್ಲಿ ಬೋಧಿಸಿ, ಕಾರ್ಖಾನೆಗಳಲ್ಲಿ ಉಪನ್ಯಾಸ ಮಾಡಿಸಿ, ಪತ್ರಿಕೆಗಳಲ್ಲಿ ಅಚ್ಚು ಹಾಕಿಸಿದ ಸೋವಿಯತ್ ನಾಯಕರೂ ಯಾರಾದರೂ ಚಹಾ ತಂದಿತ್ತಾಗ ದೇವರ ಹೆಸರಿನಲ್ಲಿಯೇ ಕೃತಜ್ಞತೆ ಹೇಳಬೇಕಾಗಿತ್ತು.

ನಿರೀಶ್ವರವಾದವನ್ನು ರಾಜ್ಯದ ನೀತಿಯಾಗಿಸಿದ ಆ ನಾಡಿನಲ್ಲಿ ದೊಡ್ಡವರ ಬಾಯಿಂದ ದೇವರು ಹೇಗೆ ಜಾರಿಬೀಳುತ್ತಿದ್ದ, ಅದನ್ನು ಕಂಡು ಜನ ಹೇಗೆ ನಗುತ್ತಿದ್ದರು, ಆ ನಗೆಗೆ ಎಷ್ಟು ಬೆಲೆ ತೆರಬೇಕಾಗುತ್ತಿತ್ತು ಎಂಬುದನ್ನು ಇಲ್ಲಿ ಹೇಳಲು ಹೊರಟಿದ್ದೇವೆ. 'ಸೋವಿಯತ್ ಲ್ಯಾಂಡ್' ಪತ್ರಿಕೆಯ ನುಣುಪಾದ ಹಾಳೆಗಳಿಂದ ಶಾಲೆಯ ಪುಸ್ತಕಗಳಿಗೆ ರಟ್ಟು ಹಾಕಿಕೊಂಡ ಹಿರಿಯರು ನಮ್ಮ ಓದುಗರಲ್ಲಿ ಅನೇಕರಿರಬೇಕು. ಆ ಹಾಳೆಗಳಲ್ಲಿ ಟ್ರ್ಯಾಕ್ಟರುಗಳಿದ್ದವು, ಗಗನಯಾತ್ರಿಗಳಿದ್ದರು, ನಗುಮುಖದ ಗೋಪಾಲಕಿಯರಿದ್ದರು. ಈ ಕಥೆಗಳು ಮಾತ್ರ ಇರಲಿಲ್ಲ.

ಭಾನುವಾರದ ಕಥೆಯನ್ನೇ ಮೊದಲು ಮುಗಿಸೋಣ. ಹೆಸರನ್ನು ಬದಲಿಸುವುದು ಕಷ್ಟವೆಂದು ಕಂಡಿತೋ ಏನೋ, 1929ರಲ್ಲಿ ಸರಕಾರವು ವಾರವನ್ನೇ ತೆಗೆದುಹಾಕಿತು. ಕಾರ್ಖಾನೆಗಳ ಯಂತ್ರಗಳು ಎಂದೂ ನಿಲ್ಲಬಾರದೆಂಬುದು ಮುಖ್ಯ ಉದ್ದೇಶ. ಚರ್ಚಿಗೆ ಹೋಗುವ ದಿನವೊಂದು ಇಲ್ಲವಾಗುವುದು ಜೊತೆಯ ಲಾಭ. ಐದು ದಿನಗಳ ವಾರ ಬಂದಿತು. ಕೆಲಸಗಾರರನ್ನು ಐದು ಗುಂಪು ಮಾಡಿ ಒಂದೊಂದಕ್ಕೆ ಒಂದೊಂದು ಬಣ್ಣ, ಒಂದೊಂದು ರಜೆಯ ದಿನ ಎಂದು ಗೊತ್ತುಮಾಡಿದರು. ಗಂಡನಿಗೆ ರಜೆಯಿದ್ದ ದಿನ ಹೆಂಡತಿಗೆ ಕೆಲಸ, ಮಕ್ಕಳಿಗೆ ಶಾಲೆ. ಮನೆಮಂದಿ ಒಟ್ಟಿಗೆ ಕುಳಿತು ಉಣ್ಣುವ ದಿನವೇ ಇಲ್ಲದೆ ಹೋಯಿತು. 1931ರಲ್ಲಿ ಅದನ್ನು ಆರು ದಿನಗಳ ವಾರವಾಗಿ ತಿದ್ದಿದರು. 1940ರ ಜೂನ್‌ನಲ್ಲಿ ಹಳೆಯ ಏಳು ದಿನಗಳ ವಾರವನ್ನೇ ಮರಳಿ ತಂದರು. ಪುನರುತ್ಥಾನದ ದಿನಕ್ಕೆ ಹೀಗೆ ಸರಕಾರಿ ಆಜ್ಞೆಯಿಂದಲೇ ಪುನರುತ್ಥಾನವಾಯಿತು!

ಮೊದಮೊದಲು ಧರ್ಮವನ್ನು ನಗೆಗೀಡುಮಾಡುವ ಗುತ್ತಿಗೆಯನ್ನು ಸರಕಾರವೇ ಹಿಡಿದಿತ್ತು. 1922ರಲ್ಲಿ ಆರಂಭವಾದ 'ಬೆಜ್‌ಬೋಜ್ನಿಕ್' (ದೇವರಿಲ್ಲದವನು) ಎಂಬ ಪತ್ರಿಕೆಯಲ್ಲಿ ಪಾದ್ರಿಗಳ, ಮುಲ್ಲಾಗಳ, ರಬ್ಬಿಗಳ ಅಣಕದ ಚಿತ್ರಗಳು ತುಂಬಿರುತ್ತಿದ್ದವು. ದೆಮ್ಯಾನ್ ಬೇದ್ನಿ ಎಂಬ ಕವಿ ಬೈಬಲ್ಲನ್ನೇ ಪ್ರಾಸದಲ್ಲಿ ಲೇವಡಿ ಮಾಡಿ ಪ್ರಸಿದ್ಧನಾದ. ಆದರೆ ಆಳುವವರ ನಗೆ ಯಾವ ಗಳಿಗೆಯಲ್ಲಿ ಹಲ್ಲುಕಚ್ಚಾಗಿ ತಿರುಗುವುದೆಂದು ಆಸ್ಥಾನಕವಿಗೂ ತಿಳಿಯದು. 1936ರಲ್ಲಿ ಇದೇ ಬೇದ್ನಿ, ರಷ್ಯನ್ನರು ಸಾವಿರ ವರ್ಷಗಳ ಹಿಂದೆ ಕ್ರೈಸ್ತರಾದ ಪ್ರಸಂಗವನ್ನು ಹಾಸ್ಯ ಮಾಡಿದ ಗೀತನಾಟಕವೊಂದಕ್ಕೆ ಸಾಹಿತ್ಯ ಬರೆದುಕೊಟ್ಟ. ಮಾಸ್ಕೋದ ರಂಗಮಂದಿರದಲ್ಲಿ ಪ್ರದರ್ಶನವಾಯಿತು. ಒಡನೆಯೇ ನಿಷೇಧವೂ ಬಂದಿತು. ಕ್ರೈಸ್ತಮತವನ್ನು ಸ್ವೀಕರಿಸಿದ್ದು ರಷ್ಯನ್ ಜನತೆಯ ಇತಿಹಾಸದಲ್ಲಿ ಮುನ್ನಡೆಯ ಹೆಜ್ಜೆಯೆಂದೂ ಅದನ್ನು ಹಾಸ್ಯ ಮಾಡಿದ್ದು ತಪ್ಪೆಂದೂ ನಿರೀಶ್ವರವಾದಿ ಸರಕಾರವೇ ತೀರ್ಪಿತ್ತಿತು. ದೇವರನ್ನು ಬೈದರೆ ಬಹುಮಾನ, ಇತಿಹಾಸವನ್ನು ಬೈದರೆ ದಂಡನೆ ಎಂಬ ಈ ಹೊಸ ಲೆಕ್ಕ ಪಾಪ, ಆ ಕವಿಗೆ ಹೊಳೆದಿರಲಿಲ್ಲ.

ಅದರ ಮರುವರ್ಷ, 1937ರ ಜನವರಿ 6ರಂದು, ದೇಶದ ಜನಗಣತಿ ನಡೆಯಿತು. ಹಳೆಯ ಪಂಚಾಂಗದಂತೆ ಅದು ಕ್ರಿಸ್‌ಮಸ್ಸಿನ ಹಿಂದಿನ ದಿನ. ನೀವು ದೇವರನ್ನು ನಂಬುತ್ತೀರಾ, ನಂಬುವುದಾದರೆ ಯಾವ ಮತ ಎಂಬ ಪ್ರಶ್ನೆಯೂ ಆ ಪತ್ರದಲ್ಲಿತ್ತು. ಬೇಹುಗಾರರಿಂದ ತುಂಬಿದ ನಾಡು. ಪಾದ್ರಿಗಳು ಸೆರೆಮನೆ ಸೇರುತ್ತಿದ್ದ ಕಾಲ. ಆದರೂ ಹದಿನಾರು ದಾಟಿದವರಲ್ಲಿ ಸುಮಾರು 5.5 ಕೋಟಿ ಜನ, ನೂರಕ್ಕೆ 57ರಷ್ಟು, 'ನಂಬುತ್ತೇವೆ' ಎಂದು ಬರೆಸಿದರು. ಹೆಸರು ವಿಳಾಸ ಸಹಿತ ಕೇಳಿದ ಸರಕಾರಿ ಗುಮಾಸ್ತನ ಎದುರಿಗೆ ಕೊಟ್ಟ ಉತ್ತರವಿದು. ಒಟ್ಟು ಜನಸಂಖ್ಯೆಯೂ ನಾಯಕರು ಸಾರಿದ್ದಕ್ಕಿಂತ ಬಹಳ ಕಡಿಮೆ ಬಂದಿತ್ತು. ಕ್ಷಾಮದಲ್ಲಿ ಸತ್ತವರು ಲೆಕ್ಕಕ್ಕೆ ಸಿಗಲಾರರಷ್ಟೆ. ಗಣತಿಯನ್ನೇ ರದ್ದುಗೊಳಿಸಿದರು. ಅದನ್ನು ನಡೆಸಿದ ಮುಖ್ಯ ಅಧಿಕಾರಿಗಳು ಬಂಧನಕ್ಕೊಳಗಾದರು; ಕೆಲವರನ್ನು ಗುಂಡಿಟ್ಟು ಕೊಂದರು. 1939ರಲ್ಲಿ ಮತ್ತೆ ಎಣಿಸುವಾಗ ದೇವರ ಪ್ರಶ್ನೆಯನ್ನು ಕೇಳುವ ಗೋಜಿಗೇ ಹೋಗಲಿಲ್ಲ.

ಇಂಥ ನಾಡಿನಲ್ಲಿ ವಿಡಂಬನೆ ಉಳಿದದ್ದು ಅಚ್ಚಿನಲ್ಲಿ ಅಲ್ಲ, ಅಡಿಗೆಮನೆಯ ಮೇಜಿನ ಸುತ್ತ. 'ಅನೆಕ್ದೋತ್' ಎಂದು ಅದರ ಹೆಸರು: ಬರೆದವನ ಹೆಸರಿಲ್ಲದ, ಬಾಯಿಂದ ಬಾಯಿಗೆ ದಾಟುವ ಚುಟುಕು ಕಥೆ. ಸ್ಟಾಲಿನ್‌ನ ಕಾಲದಲ್ಲಿ ದಂಡಸಂಹಿತೆಯ 58ನೆಯ ಕಲಮಿನಂತೆ ಅಂಥ ಒಂದು ಕಥೆಗೆ ವರ್ಷಗಟ್ಟಲೆ ಶ್ರಮಶಿಬಿರದ ಶಿಕ್ಷೆಯಾಗುವುದಿತ್ತು. ಕೇಳಿಯೂ ದೂರು ಕೊಡದವನ ತಲೆಯ ಮೇಲೂ ಕತ್ತಿ ತೂಗುತ್ತಿತ್ತು.

ಒಂದು ಕಥೆ ಹೀಗಿದೆ. ನಾಸ್ತಿಕ ಉಪನ್ಯಾಸಕನೊಬ್ಬ ಸಭೆಯಲ್ಲಿ ದೇವರಿಲ್ಲವೆಂದು ಸಾಧಿಸಿ, ಎಲ್ಲರೂ ಆಕಾಶದ ಕಡೆಗೆ ಬೆರಳ ಸಂದಿಯಲ್ಲಿ ಹೆಬ್ಬೆರಳು ತೂರಿಸಿ ತೋರಿಸಿರಿ ಎನ್ನುತ್ತಾನೆ. ಆ ಕಡೆಯಲ್ಲಿ ಅದು ಅವಮಾನದ ಸನ್ನೆ. ಎಲ್ಲರೂ ತೋರಿಸುತ್ತಾರೆ, ರಬಿನೋವಿಚ್ ಎಂಬ ಮುದುಕ ಮಾತ್ರ ಕೈಕಟ್ಟಿ ಕುಳಿತಿದ್ದಾನೆ. ಏಕೆಂದು ಕೇಳಿದರೆ ಅವನೆನ್ನುತ್ತಾನೆ: "ಅಲ್ಲಿ ಯಾರೂ ಇಲ್ಲದಿದ್ದರೆ ತೋರಿಸುವುದು ಯಾರಿಗೆ? ಇದ್ದರೆ, ಸುಮ್ಮನೆ ಸಂಬಂಧ ಕೆಡಿಸಿಕೊಳ್ಳುವುದೇಕೆ?"

ಇನ್ನೊಂದು ಹಳ್ಳಿಯ ಕಡೆಯದು. ಚರ್ಚಿನ ಪಾದ್ರಿ ಪಕ್ಷದ ಕಾರ್ಯದರ್ಶಿಯ ಬಳಿ ಹಬ್ಬಕ್ಕಾಗಿ ಕುರ್ಚಿಗಳನ್ನು ಕೇಳುತ್ತಾನೆ. ಕಾರ್ಯದರ್ಶಿ ಕೊಡುವುದಿಲ್ಲವೆನ್ನುತ್ತಾನೆ. "ಹಾಗಾದರೆ ಮೇ ದಿನಕ್ಕೆ ನಮ್ಮ ಹಾಡುಗಾರರನ್ನು ಕಳಿಸುವುದಿಲ್ಲ." "ನೀವು ಹಾಡುಗಾರರನ್ನು ಕಳಿಸದಿದ್ದರೆ ನಿಮ್ಮ ಮೆರವಣಿಗೆಗೆ ನಮ್ಮ ಬಾಲದಳದ ಮಕ್ಕಳನ್ನು ನಾವು ಕಳಿಸುವುದಿಲ್ಲ!" ಕಥೆ ಇನ್ನೂ ಎರಡು ಮಾತು ಮುಂದೆ ಹೋಗುತ್ತದೆ, ಮನೆಮಂದಿಯೆಲ್ಲ ಓದುವ ಪತ್ರಿಕೆಯಾದ್ದರಿಂದ ನಾವು ಇಲ್ಲಿಗೇ ನಿಲ್ಲಿಸುತ್ತೇವೆ.

ಎಲ್ಲಕ್ಕಿಂತ ಹೆಸರಾದದ್ದು ಬ್ರೆಜ್ನೆವ್‌ನ ಮೇಲಿನದು. ಈಸ್ಟರ್ ದಿನ ಭೇಟಿಯಾದವರು 'ಕ್ರಿಸ್ತನು ಎದ್ದಿದ್ದಾನೆ' ಎಂದರೆ 'ನಿಜವಾಗಿ ಎದ್ದಿದ್ದಾನೆ' ಎಂದು ಮಾರುತ್ತರ ಕೊಡುವುದು ಅಲ್ಲಿಯ ರೂಢಿ. ಬ್ರೆಜ್ನೆವ್ ಕಚೇರಿಗೆ ಬರುತ್ತಿದ್ದಾಗ ಒಬ್ಬಾತ "ಕ್ರಿಸ್ತನು ಎದ್ದಿದ್ದಾನೆ, ಲಿಯೋನಿದ್ ಇಲ್ಯೀಚ್" ಎನ್ನುತ್ತಾನೆ. ಬ್ರೆಜ್ನೆವ್ ತಲೆದೂಗಿ ಮುಂದೆ ನಡೆಯುತ್ತಾನೆ. ಎರಡನೆಯವನೂ ಅದನ್ನೇ ಹೇಳಿದಾಗ ಗಂಭೀರವಾಗಿ ನುಡಿಯುತ್ತಾನೆ: "ಗೊತ್ತು. ಆಗಲೇ ವರದಿ ಬಂದಿದೆ." ಇಲ್ಲಿ ನಗೆಗೀಡಾದವನು ದೇವರೂ ಅಲ್ಲ, ಭಕ್ತನೂ ಅಲ್ಲ. ಪುನರುತ್ಥಾನವೂ ಒಂದು ಕಡತವಾಗಿ ಮೇಜಿಗೆ ಬರಬೇಕೆನ್ನುವ ಅಧಿಕಾರಿಯ ಚಿತ್ರ ಇದಕ್ಕಿಂತ ಚಿಕ್ಕದಾಗಿ ಬರೆಯಲು ಸಾಧ್ಯವೆಂದು ನಮಗೆ ತೋರದು.

ಕಥೆಗಳು ಹಾಗಿರಲಿ, ನಿಜವಾಗಿ ನಡೆದದ್ದೂ ಕಡಿಮೆ ಸ್ವಾರಸ್ಯದ್ದಲ್ಲ. ಸ್ಟಾಲಿನ್ ಪಾದ್ರಿಯಾಗಲೆಂದು ತಾಯಿ ಹರಸಿದ ಮಗ. ತಿಫ್ಲಿಸ್ ನಗರದ ಧರ್ಮಪಾಠಶಾಲೆಯಲ್ಲಿ ಓದಿ 1899ರಲ್ಲಿ ಹೊರಬಿದ್ದವನು. 1942ರ ಆಗಸ್ಟಿನಲ್ಲಿ ಚರ್ಚಿಲ್ ಮಾಸ್ಕೋಗೆ ಹೋಗಿ ಉತ್ತರ ಆಫ್ರಿಕದ ಮೇಲಿನ ದಾಳಿಯ ಯೋಜನೆಯನ್ನು ವಿವರಿಸಿದಾಗ, ದೇವರು ಈ ಕಾರ್ಯವನ್ನು ಕೈಗೂಡಿಸಲಿ ಎಂದು ಸ್ಟಾಲಿನ್ ಹಾರೈಸಿದನಂತೆ. ಹಿಂದೆ ತಾನು ಬೋಲ್ಷೆವಿಕರ ವಿರುದ್ಧ ನಡೆಸಿದ ಕಾರ್ಯಾಚರಣೆಗೆ ಕ್ಷಮೆಯುಂಟೇ ಎಂದು ಚರ್ಚಿಲ್ ಕೇಳಿದ್ದಕ್ಕೆ, ಕಳೆದುಹೋದದ್ದು ದೇವರಿಗೆ ಸೇರಿದ್ದು ಎಂದನಂತೆ. ಚರ್ಚಿಲ್ ತನ್ನ ಯುದ್ಧಸ್ಮೃತಿಗಳಲ್ಲಿಯೇ ಇದನ್ನು ಬರೆದಿಟ್ಟಿದ್ದಾನೆ. ಮರುವರ್ಷ ಸೆಪ್ಟೆಂಬರ್ 4ರ ರಾತ್ರಿ ಸ್ಟಾಲಿನ್ ಮೂವರು ಧರ್ಮಾಧ್ಯಕ್ಷರನ್ನು ಕ್ರೆಮ್ಲಿನ್‌ಗೆ ಕರೆಸಿಕೊಂಡು, ಖಾಲಿ ಬಿದ್ದಿದ್ದ ಪಿತೃಪ್ರಧಾನನ ಪೀಠಕ್ಕೆ ಆಯ್ಕೆ ನಡೆಸಲು ಒಪ್ಪಿಗೆ ಕೊಟ್ಟ. ಯುದ್ಧಕ್ಕೆ ಜನರ ಭಕ್ತಿಯೂ ಬೇಕಾಗಿತ್ತು.

1979ರ ಜೂನ್‌ನಲ್ಲಿ ವಿಯೆನ್ನಾದಲ್ಲಿ ಅಣ್ವಸ್ತ್ರಗಳ ಮಾತುಕತೆ ನಡೆಯಿತು. ನಾವು ಸೋತರೆ ದೇವರು ನಮ್ಮನ್ನು ಕ್ಷಮಿಸಲಾರನೆಂದು ಅಲ್ಲಿ ಬ್ರೆಜ್ನೆವ್ ನುಡಿದನೆಂದು ಅಮೆರಿಕದ ಅಧ್ಯಕ್ಷ ಕಾರ್ಟರ್ ಬರೆದಿದ್ದಾರೆ. ದೇವರನ್ನು ನಂಬುವ ಕಾರ್ಟರ್ ಆಡದ ಮಾತನ್ನು ನಂಬದ ಪಕ್ಷದ ಪ್ರಧಾನ ಕಾರ್ಯದರ್ಶಿ ಆಡಿದ. 1985ರಲ್ಲಿ 'ಟೈಮ್' ಪತ್ರಿಕೆಯವರೊಡನೆ ಮಾತಾಡುತ್ತ ಗೋರ್ಬಚೇವ್ ಕೂಡ ಮೇಲಿರುವ ದೇವರು ನಮಗೆ ಸಾಕಷ್ಟು ವಿವೇಕ ಕೊಟ್ಟಿದ್ದಾನೆಂಬ ಅರ್ಥದ ಮಾತಾಡಿ ಪಾಶ್ಚಾತ್ಯರನ್ನು ಬೆರಗುಗೊಳಿಸಿದರು. ಬ್ರೆಜ್ನೆವ್ 1982ರಲ್ಲಿ ತೀರಿಕೊಂಡಾಗ, ಶವಪೆಟ್ಟಿಗೆ ಮುಚ್ಚುವ ಮುನ್ನ ಅವನ ಪತ್ನಿ ಗಂಡನ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿದುದನ್ನು ಅಂತ್ಯಸಂಸ್ಕಾರಕ್ಕೆ ಹೋಗಿದ್ದ ಅಮೆರಿಕದ ಉಪಾಧ್ಯಕ್ಷ ಬುಷ್ ನೆನೆಸಿಕೊಂಡಿದ್ದಾರೆ. ಆಕೆಯನ್ನು ಕುರಿತು ನಗಲು ನಮಗೆ ಮನಸ್ಸಾಗದು.

ದೊಡ್ಡವರಿಗೆ ಇದು ಮಾತಿನ ರೂಢಿಯೆಂದು ಕ್ಷಮೆಯಿತ್ತು. ಸಣ್ಣವರ ಗತಿ ಬೇರೆ. ಮಾತಿನ ನಡುನಡುವೆ ದೇವರನ್ನು ಎಳೆದುತರುವುದಕ್ಕೆ ಹೆಸರಾಗಿದ್ದ ಕ್ರುಶ್ಚೇವ್‌ನ ಆಳ್ವಿಕೆಯಲ್ಲಿಯೇ, 1958ರಿಂದ 1964ರೊಳಗೆ, ಉಳಿದಿದ್ದ ಚರ್ಚುಗಳಲ್ಲಿ ಸುಮಾರು ಅರ್ಧದಷ್ಟನ್ನು ಮುಚ್ಚಿಸಿದರು. ಕೂಸಿಗೆ ದೀಕ್ಷಾಸ್ನಾನ ಮಾಡಿಸಬೇಕಾದರೆ ತಂದೆತಾಯಿಯರ ಗುರುತುಪತ್ರದ ವಿವರ ಬರೆಸಬೇಕೆಂಬ ನಿಯಮ ಬಂದಿತು. ಆ ಪಟ್ಟಿ ಕಚೇರಿಗೆ, ಕಾರ್ಖಾನೆಗೆ ತಲುಪುತ್ತಿತ್ತು; ಪಕ್ಷದವನಾದರೆ ಪಕ್ಷದಿಂದ, ವಿದ್ಯಾರ್ಥಿಯಾದರೆ ಕಾಲೇಜಿನಿಂದ ಹೊರಬೀಳುವ ಭಯ. ಆದುದರಿಂದ ಕೆಲಸದಿಂದ ತೆಗೆಯಲು ಏನೂ ಉಳಿದಿರದ ಅಜ್ಜಿಯಂದಿರು ಮೊಮ್ಮಕ್ಕಳನ್ನು ಶಾಲಿನೊಳಗೆ ಸುತ್ತಿಕೊಂಡು ದೂರದೂರಿನ ಚರ್ಚಿಗೆ ಹೋಗಿ ಬರುತ್ತಿದ್ದರು. ಮಗನಿಗೆ ಗೊತ್ತು, ಗೊತ್ತಿಲ್ಲದಂತೆ ಇರುವನು. ಇದು ಎಷ್ಟು ಮನೆಗಳ ಗುಟ್ಟೋ!

ನಮ್ಮಲ್ಲಿ ಗಡಿಯ ಆಚೆಗಿನ ಕನ್ನಡಿಗರು ಆರಿಸಿದ ಪ್ರತಿನಿಧಿಗಳು ಬೇರೆ ಬೇರೆ ವಿಧಾನಸಭೆಗಳಲ್ಲಿ ಕುಳಿತರೂ ಪ್ರಮಾಣದ ಮಾತು ಒಂದೇ: ದೇವರ ಹೆಸರಿನಲ್ಲಿ ಪ್ರಮಾಣ ಮಾಡಬಹುದು, ಇಲ್ಲವೇ ದೇವರನ್ನು ಬಿಟ್ಟು ದೃಢವಾಗಿ ಸಾರಬಹುದು. ಸಂವಿಧಾನದ ಮೂರನೆಯ ಅನುಸೂಚಿಯಲ್ಲಿ ಎರಡೂ ಇವೆ. ಕಾಸರಗೋಡಿನವರು ನೆನೆಯಬಹುದು, 2006ರಲ್ಲಿ ಕೇರಳದ ಮಾರ್ಕ್ಸ್‌ವಾದಿ ಪಕ್ಷದ ಇಬ್ಬರು ಶಾಸಕರು ದೇವರ ಹೆಸರಿನಲ್ಲಿ ಪ್ರಮಾಣ ಮಾಡಿದಾಗ ಪಕ್ಷದ ಹಿರಿಯರ ಹುಬ್ಬು ಗಂಟಿಕ್ಕಿತು. ಅವರು ಶಾಸಕರಾಗಿಯೇ ಉಳಿದರು. ಪಕ್ಷದ ಮುನಿಸು ಬೇರೆ, ರಾಜ್ಯದ ಮುನಿಸು ಬೇರೆ.

ಸೋವಿಯತ್ ರಾಜ್ಯ 1991ರಲ್ಲಿ ಕುಸಿಯಿತು. ಅಷ್ಟರೊಳಗೆ ನಾಯಕರ ವೇಷ ಬದಲಾಗತೊಡಗಿತ್ತು. ಪಕ್ಷದಲ್ಲಿ ದೊಡ್ಡ ಹುದ್ದೆಗಳನ್ನು ಕಂಡಿದ್ದ ಯೆಲ್ತ್ಸಿನ್ ಈಸ್ಟರ್ ಪೂಜೆಯಲ್ಲಿ ಮೇಣದಬತ್ತಿ ಹಿಡಿದು ನಿಂತರು. ತಾನು ಕೂಸಾಗಿದ್ದಾಗ ದೀಕ್ಷಾಸ್ನಾನ ಮಾಡಿಸಿದ ಕುಡುಕ ಪಾದ್ರಿ ತನ್ನನ್ನು ನೀರಿನಲ್ಲಿಯೇ ಮರೆತಿದ್ದ ಕಥೆಯನ್ನು ಆತ್ಮಚರಿತ್ರೆಯಲ್ಲಿ ಬರೆದರು. ಗುಪ್ತಚರ ಸಂಸ್ಥೆಯ ಅಧಿಕಾರಿಯಾಗಿದ್ದ ಪುತಿನ್, ಪಕ್ಷದ ಸದಸ್ಯನಾದ ತಂದೆಗೆ ತಿಳಿಯದಂತೆ ತಾಯಿ ತನಗೆ ದೀಕ್ಷಾಸ್ನಾನ ಮಾಡಿಸಿದಳೆಂದು ಹೇಳಿಕೊಂಡರು. ಜನ ಇದಕ್ಕೂ ಒಂದು ಹೆಸರಿಟ್ಟರು. ಶಿಲುಬೆಯ ಗುರುತು ಹಾಕುವುದು ಬಲಗೈಯಿಂದ. ಆದುದರಿಂದ ಬತ್ತಿಯನ್ನು ಎಡಗೈಯಲ್ಲಿ ಹಿಡಿಯಬೇಕು. ಅದನ್ನರಿಯದೆ ಬಲಗೈಯಲ್ಲಿ ಬತ್ತಿ ಹಿಡಿದು ಬೆಪ್ಪಾಗಿ ನಿಂತ ಅಧಿಕಾರಿಗಳನ್ನು ದೂರದರ್ಶನದಲ್ಲಿ ಕಂಡು 'ಪೊದ್‌ಸ್ವೆಚ್ನಿಕ್'ಗಳು, ಎಂದರೆ ಮೇಣದಬತ್ತಿಯ ಕಂಬಗಳು, ಎಂದರು.

ಮಾಸ್ಕೋದ ರಕ್ಷಕ ಕ್ರಿಸ್ತನ ಮಹಾಮಂದಿರವನ್ನು 1931ರ ಡಿಸೆಂಬರ್ 5ರಂದು ಸಿಡಿಮದ್ದಿಟ್ಟು ಉರುಳಿಸಿದ್ದರು. ಅಲ್ಲಿ ಏಳಬೇಕಾಗಿದ್ದ ಸೋವಿಯತ್ ಅರಮನೆ ಏಳಲೇ ಇಲ್ಲ; 1960ರಲ್ಲಿ ಆ ಹೊಂಡ ಈಜುಕೊಳವಾಯಿತು. ಮೊದಲು 'ಖ್ರಾಮ್', ಆಮೇಲೆ 'ಖ್ಲಾಮ್', ಈಗ 'ಸ್ರಾಮ್' ಎಂದು ನಗರದವರು ಪ್ರಾಸ ಕಟ್ಟಿದರು: ಗುಡಿ, ಕಸ, ನಾಚಿಕೆ. 2000ದ ಆಗಸ್ಟಿನಲ್ಲಿ ಹಳೆಯದರ ಪಡಿಯಚ್ಚಾಗಿ ಹೊಸ ಮಂದಿರ ಪ್ರತಿಷ್ಠೆಯಾಯಿತು. ಅದೇ ಮಂದಿರದಲ್ಲಿ 2012ರ ಫೆಬ್ರವರಿಯಲ್ಲಿ ಕೆಲವು ಯುವತಿಯರು ಮುಸುಕು ಧರಿಸಿ, ಪುತಿನ್‌ರನ್ನು ಓಡಿಸೆಂದು ದೇವಮಾತೆಯನ್ನು ಬೇಡುವ ಹಾಡು ಹಾಡಿದರು. ಮೂವರಿಗೆ ಎರಡೆರಡು ವರ್ಷಗಳ ಶಿಕ್ಷೆಯಾಯಿತು, ಒಬ್ಬಳಿಗೆ ಮೇಲ್ಮನವಿಯಲ್ಲಿ ಸೆರೆವಾಸ ತಪ್ಪಿತು. ಮರುವರ್ಷ ದಂಡಸಂಹಿತೆಯ 148ನೆಯ ಕಲಮನ್ನು ತಿದ್ದಿ, ಭಕ್ತರ ಭಾವನೆಗಳನ್ನು ನೋಯಿಸುವುದನ್ನು ಮೂರು ವರ್ಷಗಳವರೆಗೆ ಸೆರೆಮನೆಗೆ ತಳ್ಳಬಹುದಾದ ಅಪರಾಧವಾಗಿಸಿದರು. ಆ ತಿದ್ದುಪಡಿಗೆ ಸಹಿ ಹಾಕಿದವರು ಪುತಿನ್.