ಸಿಇಟಿ ಮುಗಿದ ಮೇಲೆ ಇನ್ನೊಂದು ಸಿಇಟಿ

ಆಪ್ಷನ್ ಎಂಟ್ರಿ ಶುರುವಾಯಿತೆಂದರೆ ಪಿಯುಸಿ ಮುಗಿಸಿದವರ ಮನೆಗಳಲ್ಲಿ ಊಟಕ್ಕೆ ಕೂತಾಗಲೂ ಅದೇ ಮಾತು. ಕಳೆದ ವರ್ಷ ಕಟ್‌ಆಫ್ ಎಷ್ಟಕ್ಕೆ ನಿಂತಿತ್ತು? ಕಂಪ್ಯೂಟರ್ ಸೈನ್ಸೋ, ಎಲೆಕ್ಟ್ರಾನಿಕ್ಸೋ? ಪ್ಲೇಸ್‌ಮೆಂಟ್ ಹೇಗಿದೆ? ಮನೆಯಿಂದ ಎಷ್ಟು ದೂರ? ವಿಜಯನಗರ, ಬಸವೇಶ್ವರನಗರ, ರಾಜಾಜಿನಗರದ ಕಡೆಯವರಿಗೆ ಆಯ್ಕೆಗಳು ಹತ್ತಿರದಲ್ಲೇ ಇವೆ. ಮಲ್ಲತ್ತಹಳ್ಳಿಯಲ್ಲಿ ಡಾ. ಅಂಬೇಡ್ಕರ್ ಕಾಲೇಜು, ಮೈಸೂರು ರಸ್ತೆಯಲ್ಲಿ ಆರ್.ವಿ., ಕೆಂಗೇರಿ–ಉತ್ತರಹಳ್ಳಿ ರಸ್ತೆಯಲ್ಲಿ ಜೆಎಸ್‌ಎಸ್, ರಾಜರಾಜೇಶ್ವರಿನಗರದ ಕಡೆ ಆರ್‌ಎನ್‌ಎಸ್. 2021ರಲ್ಲಿ ಮೆಟ್ರೊ ಕೆಂಗೇರಿ ಮುಟ್ಟಿದ ಮೇಲಂತೂ ಈ ಕಡೆ ಓಡಾಟ ಇನ್ನಷ್ಟು ಸಲೀಸು.

ಇಷ್ಟೆಲ್ಲ ಚರ್ಚೆಯಲ್ಲಿ ಒಂದು ಪ್ರಶ್ನೆ ಮಾತ್ರ ಯಾರ ಬಾಯಲ್ಲೂ ಬರುವುದಿಲ್ಲ. ಆ ಕಾಲೇಜಿನಲ್ಲಿ ವಿದ್ಯಾರ್ಥಿಗಳ ಕ್ಲಬ್‌ಗಳು ಯಾವುವು, ಅವುಗಳ ಒಳಗೆ ಹೋಗುವುದು ಹೇಗೆ? ‘ಅಯ್ಯೋ, ಅದೆಲ್ಲ ಟೈಂಪಾಸ್ ಬಿಡಿ’ ಅನ್ನುವವರೇ ಹೆಚ್ಚು. ನಾನೀಗ ಬಿಇ ಮೂರನೇ ವರ್ಷ. ಇಲ್ಲಿಂದ ನೋಡಿದರೆ ಅನ್ನಿಸುವುದು ಇಷ್ಟು: ಸಿಇಟಿ ನಮಗೆ ಕಾಲೇಜಿನ ಗೇಟು ತೆರೆಯುತ್ತದೆ. ಒಳಗೆ ಹೋದ ಒಂದೆರಡು ತಿಂಗಳಲ್ಲೇ ಇನ್ನೊಂದು ಅಡ್ಮಿಷನ್ ನಡೆಯುತ್ತದೆ. ಅದಕ್ಕೆ ಹಾಲ್‌ಟಿಕೆಟ್ ಇಲ್ಲ, ಸಿಲಬಸ್ ಇಲ್ಲ, ಕೀ ಆನ್ಸರ್ ಕೂಡ ಇಲ್ಲ.

ಮೊದಲ ಅಡ್ಮಿಷನ್

ಸಿಇಟಿ ಬಗ್ಗೆ ನಾವೆಲ್ಲ ಬೈದುಕೊಂಡವರೇ. ಆದರೂ ಅದರಲ್ಲಿ ಒಂದು ಗುಣವಿದೆ: ನಿಯಮ ಎಲ್ಲರಿಗೂ ಮೊದಲೇ ಗೊತ್ತು. ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್, ತಲಾ 60 ಅಂಕ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಎಂಜಿನಿಯರಿಂಗ್ ರ‍್ಯಾಂಕ್‌ಗೆ ಸಿಇಟಿಯ ಅರ್ಧ, ದ್ವಿತೀಯ ಪಿಯುಸಿಯ ಅರ್ಧ. ಗ್ರಾಮೀಣ ಮೀಸಲಾತಿ ಶೇ 15, ಕನ್ನಡ ಮಾಧ್ಯಮಕ್ಕೆ ಶೇ 5. ಒಂದರಿಂದ ಹತ್ತನೇ ತರಗತಿಯವರೆಗೆ ಎಲ್ಲಿ, ಯಾವ ಮಾಧ್ಯಮದಲ್ಲಿ ಓದಿದ್ದೆವು ಅನ್ನುವುದಕ್ಕೆ ಸರ್ಟಿಫಿಕೇಟ್ ತಂದರೆ ಆಯಿತು. ಅಣಕು ಸೀಟು ಹಂಚಿಕೆ ಬಂದ ಮೇಲೆ ಆಪ್ಷನ್ ಹಿಂದೆ ಮುಂದೆ ಮಾಡಬಹುದು. ಸಿಕ್ಕ ಸೀಟು ಹಿಡಿದುಕೊಂಡೇ ಮುಂದಿನ ಸುತ್ತಿಗೆ ಕಾಯಲೂ ದಾರಿಯುಂಟು.

ಇದು ಪೂರ್ತಿ ಸಮಾನ ಸ್ಪರ್ಧೆ ಅಂತ ನಾನು ಹೇಳುತ್ತಿಲ್ಲ. ಲಕ್ಷಗಟ್ಟಲೆ ಕೊಟ್ಟು ಕೋಚಿಂಗ್ ಹೋದವರಿಗೂ, ಊರಿನ ಸರ್ಕಾರಿ ಕಾಲೇಜಿನಲ್ಲಿ ಓದಿ ಬಂದವರಿಗೂ ಅಂತರ ಇದ್ದೇ ಇದೆ. ಮ್ಯಾನೇಜ್‌ಮೆಂಟ್ ಸೀಟಿನ ಲೆಕ್ಕವೇ ಬೇರೆ. ಆದರೆ ಒಎಂಆರ್ ಶೀಟಿಗೆ ಕಿವಿ ಇಲ್ಲ. ನೀವು ಇಂಗ್ಲಿಷ್ ಹೇಗೆ ಮಾತಾಡುತ್ತೀರಿ, ಯಾವ ಶೂ ಹಾಕಿದ್ದೀರಿ, ನಿಮ್ಮ ಸೀನಿಯರ್ ಯಾರು ಅಂತ ಅದು ಕೇಳುವುದಿಲ್ಲ.

ಎರಡನೇ ಅಡ್ಮಿಷನ್

ಕ್ಲಬ್ ಕೇಳುತ್ತದೆ. ಹೆಚ್ಚಿನ ಕಾಲೇಜುಗಳಲ್ಲಿ ನಡೆಯುವುದು ಹೀಗೆ. ಓರಿಯಂಟೇಷನ್ ಮುಗಿದ ಮೇಲೆ ಸೀನಿಯರ್‌ಗಳು ಟೇಬಲ್ ಹಾಕಿಕೊಂಡು ಕೂರುತ್ತಾರೆ. ಕೋಡಿಂಗ್, ರೋಬೊಟಿಕ್ಸ್, ಡ್ರೋನ್, ರೇಸ್ ಕಾರು, ಐಇಇಇ, ನಾಟಕ, ಡಾನ್ಸ್, ಕನ್ನಡ ಸಂಘ. ಒಂದು ಗೂಗಲ್ ಫಾರ್ಮ್ ಬರುತ್ತದೆ. ಆಮೇಲೆ ಗ್ರೂಪ್ ಡಿಸ್ಕಷನ್, ಅದು ದಾಟಿದರೆ ಇಂಟರ್‌ವ್ಯೂ. ಫಾರ್ಮ್ ಎಲ್ಲಿ ಬಂತು, ಕೊನೆಯ ದಿನ ಯಾವತ್ತು ಅನ್ನುವುದು ಸರಿಯಾದ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿದ್ದವರಿಗೆ ಮೊದಲು ಗೊತ್ತಾಗುತ್ತದೆ.

ನನ್ನ ಕ್ಲಾಸಿನ ಹುಡುಗಿಯೊಬ್ಬಳು ರಾಮನಗರದಿಂದ ಬರುತ್ತಾಳೆ. ಬೆಳಿಗ್ಗೆ ರೈಲು, ಕೆಂಗೇರಿಯಲ್ಲಿ ಇಳಿದು ಬಸ್ಸು. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ. ಅವರಪ್ಪನದು ಮೋಟರ್ ರಿವೈಂಡಿಂಗ್ ಅಂಗಡಿ. ಪಂಪ್‌ಸೆಟ್ಟಿನ ಮೋಟರ್ ಬಿಚ್ಚಿ ಸುತ್ತುವುದನ್ನು ಎಂಟನೇ ಕ್ಲಾಸಿನಿಂದ ನೋಡಿದವಳು, ಆಮೇಲಾಮೇಲೆ ಮಾಡಿದವಳು. ಮೊದಲ ವರ್ಷ ಇಬ್ಬರೂ ಒಂದೇ ಎಲೆಕ್ಟ್ರಿಕ್ ಬೈಕ್ ಕ್ಲಬ್ಬಿನ ಇಂಟರ್‌ವ್ಯೂಗೆ ಸಾಲಿನಲ್ಲಿ ನಿಂತಿದ್ದೆವು. ನಿನ್ನ ಬಗ್ಗೆ ಇಂಗ್ಲಿಷಿನಲ್ಲಿ ಹೇಳು ಅಂದರು. ಅವಳು ಎರಡು ವಾಕ್ಯ ಹೇಳಿ ನಿಂತಳು. ನಾನು ಎರಡು ನಿಮಿಷ ಮಾತಾಡಿದೆ. ನಾನು ಆಯ್ಕೆಯಾದೆ, ಅವಳಾಗಲಿಲ್ಲ. ಅವತ್ತಿನವರೆಗೆ ನಾನು ಒಂದು ಮೋಟರನ್ನೂ ಬಿಚ್ಚಿ ನೋಡಿದವನಲ್ಲ. ಅಂಗಡಿಯ ವಿಷಯ ಅವಳನ್ನು ಯಾರೂ ಕೇಳಲೇ ಇಲ್ಲ.

ಸೀನಿಯರ್‌ಗಳು ಕೆಟ್ಟವರೇನಲ್ಲ. ಅವರನ್ನೂ ಅವರ ಸೀನಿಯರ್‌ಗಳು ಹಾಗೇ ಆರಿಸಿದ್ದರು. ನೂರಾರು ಜನ ಬಂದಾಗ ಬೇಗ ಸೋಸುವ ಜರಡಿ ಅಂದರೆ ಮಾತು.

ಡಿಪ್ಲೊಮಾ ಮುಗಿಸಿ ಡಿಸಿಇಟಿ ಮೂಲಕ ಬರುವವರ ಕಥೆ ಇನ್ನೂ ವಿಚಿತ್ರ. ಅವರು ಕಾಲೇಜಿಗೆ ಕಾಲಿಡುವುದೇ ಮೂರನೇ ಸೆಮಿಸ್ಟರಿಗೆ. ಲೇತ್, ವೆಲ್ಡಿಂಗ್, ಸೋಲ್ಡರಿಂಗ್ ನಮಗಿಂತ ಚೆನ್ನಾಗಿ ಬಲ್ಲವರು ಅವರೇ. ಆದರೆ ಬಹಳಷ್ಟು ಕ್ಲಬ್‌ಗಳ ಆಯ್ಕೆ ಮೊದಲ ವರ್ಷದಲ್ಲೇ ಮುಗಿದಿರುತ್ತದೆ. ಮದುವೆ ಮುಗಿದ ಮೇಲೆ ಛತ್ರಕ್ಕೆ ಬಂದ ಹಾಗೆ ಅವರ ಸ್ಥಿತಿ.

ಅಷ್ಟಕ್ಕೂ ಕ್ಲಬ್ ಯಾಕೆ ಬೇಕು?

ಕ್ಲಾಸಿನಲ್ಲಿ ಕಲಿತದ್ದು ಕೆಲಸಕ್ಕೆ ಬರುತ್ತದೋ ಇಲ್ಲವೋ ಅಂತ ಮೊದಲ ಸಲ ಗೊತ್ತಾಗುವುದು ಅಲ್ಲಿ. ಆರ್.ವಿ. ಕಾಲೇಜಿನ ‘ಅಶ್ವ ರೇಸಿಂಗ್’ ತಂಡವನ್ನೇ ನೋಡಿ. ಫಾರ್ಮುಲಾ ಮಾದರಿಯ ರೇಸ್ ಕಾರನ್ನು ವಿದ್ಯಾರ್ಥಿಗಳೇ ವಿನ್ಯಾಸ ಮಾಡಿ, ಕಟ್ಟಿ, ಓಡಿಸುತ್ತಾರೆ. ಅದೇ ಕಾಲೇಜಿನ ‘ಪ್ರಾಜೆಕ್ಟ್ ಜಟಾಯು’ ಡ್ರೋನ್ ತಂಡ. ಫಾರ್ಮುಲಾ ಸ್ಟೂಡೆಂಟ್ ಸ್ಪರ್ಧೆಯ ಸಾಮಾನ್ಯ ಮಾದರಿಯಲ್ಲಿ ಒಟ್ಟು 1,000 ಅಂಕ. ಅದರಲ್ಲಿ 325 ಅಂಕ ಕಾರು ಒಂದಿಂಚೂ ಚಲಿಸದೆ ಬರುವಂಥವು: ವಿನ್ಯಾಸಕ್ಕೆ 150, ಖರ್ಚಿನ ಲೆಕ್ಕಕ್ಕೆ 100, ವ್ಯಾಪಾರದ ಯೋಜನೆಗೆ 75. ಅಂದರೆ ಚೆನ್ನಾಗಿ ಮಾತಾಡುವವರೂ ಬೇಕು, ಬೋಲ್ಟ್ ಎಲ್ಲಿ ಎಷ್ಟಕ್ಕೆ ಸಿಗುತ್ತದೆಂದು ಬಲ್ಲವರೂ ಬೇಕು.

ಇದನ್ನು ನಾನು ಕಲಿತದ್ದು ಕಾಮಾಕ್ಷಿಪಾಳ್ಯದಲ್ಲಿ. ಅಲ್ಲಿ, ಪೀಣ್ಯದಲ್ಲಿ, ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಸಣ್ಣ ಸಣ್ಣ ಲೇತ್ ಶಾಪ್‌ಗಳು ತುಂಬಿವೆ. ಕಂಪ್ಯೂಟರಿನಲ್ಲಿ ಬರೆದ ಡ್ರಾಯಿಂಗ್ ಹಿಡಿದು ಹೋದರೆ, ‘ಹಿಂಗೆ ಕೊಟ್ರೆ ಟೂಲ್ ಒಳಗೆ ಹೋಗಲ್ಲ ಕಣಪ್ಪ, ಇಲ್ಲಿ ಸ್ವಲ್ಪ ಜಾಗ ಬಿಡು’ ಅನ್ನುತ್ತಾರೆ ಅಲ್ಲಿಯ ಮೇಸ್ತ್ರಿ. ಅಲ್ಲಿ ನಮ್ಮ ಪ್ರೆಸೆಂಟೇಷನ್ ಇಂಗ್ಲಿಷ್ ನಡೆಯುವುದಿಲ್ಲ. ಕೆಲಸ ಗೊತ್ತಿರಬೇಕು, ಕನ್ನಡದಲ್ಲಿ ಕೇಳಿ ತಿಳಿದುಕೊಳ್ಳುವ ತಾಳ್ಮೆ ಇರಬೇಕು. ಇಂಟರ್‌ವ್ಯೂನಲ್ಲಿ ನಾವು ಹೊರಗಿಡುತ್ತಿರುವುದು ಇಂಥದ್ದು ಬಲ್ಲವರನ್ನೇ.

ಇನ್ನು ಕೆಲಸದ ಮಾತು. ಫ್ರೆಷರ್ ಇಂಟರ್‌ವ್ಯೂಗೆ ಹೋದವರನ್ನು ಕೇಳಿ ನೋಡಿ. ಅಂಕದ ಕಥೆ ಒಂದು ನಿಮಿಷಕ್ಕೆ ಮುಗಿಯುತ್ತದೆ. ಆಮೇಲಿನದು ‘ನೀವು ಏನು ಮಾಡಿದ್ದೀರಿ, ಅದರಲ್ಲಿ ನಿಮ್ಮ ಪಾಲು ಎಷ್ಟು, ಕೆಟ್ಟಾಗ ಹೇಗೆ ಸರಿಮಾಡಿದಿರಿ’ ಅನ್ನುವುದೇ. ಎಐಸಿಟಿಇ ನಿಯಮದಂತೆ ಬಿಇ ಪದವಿಗೆ 100 ಆ್ಯಕ್ಟಿವಿಟಿ ಪಾಯಿಂಟ್ ಬೇಕು, ಲ್ಯಾಟರಲ್ ಎಂಟ್ರಿಯವರಿಗೆ 75. ಆ ಪಾಯಿಂಟ್‌ಗಳನ್ನು ಹೇಗಾದರೂ ಗಳಿಸಬಹುದು. ಆ ಮೂರು ಪ್ರಶ್ನೆಗಳಿಗೆ ಉತ್ತರ ಮಾತ್ರ ಕೈ ಕೊಳೆ ಮಾಡಿಕೊಂಡವರಿಗೇ ಸಿಗುವುದು. ಹಾಗಾಗಿ ಕ್ಲಬ್ಬಿನ ಬಾಗಿಲು ಯಾರಿಗೆ ತೆರೆಯುತ್ತದೆ ಅನ್ನುವುದು ಮುಂದೆ ಯಾರಿಗೆ ಕೆಲಸ ಸಿಗುತ್ತದೆ ಅನ್ನುವುದಕ್ಕೂ ತಾಗುತ್ತದೆ.

ಬೇರೆ ದಾರಿ ಇತ್ತು

ವಿದ್ಯಾರ್ಥಿ ಸಂಘ ಅನ್ನುವುದು ಬೆಂಗಳೂರಿಗೆ ಹೊಸದಲ್ಲ. ಸೆಂಟ್ರಲ್ ಕಾಲೇಜಿನಲ್ಲಿ ಎ.ಆರ್. ಕೃಷ್ಣಶಾಸ್ತ್ರಿಗಳು ನೂರು ವರ್ಷಕ್ಕೂ ಹಿಂದೆ ಕಟ್ಟಿದ ಕರ್ನಾಟಕ ಸಂಘದಿಂದಲೇ ‘ಪ್ರಬುದ್ಧ ಕರ್ನಾಟಕ’ ಪತ್ರಿಕೆ ಬಂತು. ಕ್ರೈಸ್ಟ್ ಕಾಲೇಜಿನಲ್ಲಿ ಚಿ. ಶ್ರೀನಿವಾಸರಾಜು ಮೇಷ್ಟ್ರು ಬೆಳೆಸಿದ ಕನ್ನಡ ಸಂಘ ಪುಸ್ತಕಗಳನ್ನೇ ಪ್ರಕಟಿಸಿತು, ಬೇಂದ್ರೆ ಹೆಸರಿನಲ್ಲಿ ಕಾಲೇಜು ವಿದ್ಯಾರ್ಥಿಗಳಿಗೆ ಕವನ ಸ್ಪರ್ಧೆ ನಡೆಸಿತು. ಕವನ ಸ್ಪರ್ಧೆಯ ನ್ಯಾಯ ಸರಳ. ಕವನ ಬರೆದು ಕಳಿಸಿದರೆ ಮುಗಿಯಿತು. ಬರೆದವನು ನಾಚಿಕೆಯವನೋ ಮಾತುಗಾರನೋ ಅಂತ ಯಾರೂ ನೋಡುವುದಿಲ್ಲ, ಕವನ ನೋಡುತ್ತಾರೆ.

ತಾಂತ್ರಿಕ ಕ್ಲಬ್‌ಗೂ ಇದೇ ನ್ಯಾಯ ಸಾಕಲ್ಲವೇ? ಕಳೆದ ವರ್ಷ ಆಯ್ಕೆಯ ಜವಾಬ್ದಾರಿ ನಮ್ಮ ಬ್ಯಾಚಿಗೆ ಬಂದಾಗ ನಾವು ಇದನ್ನೇ ಮಾಡಿದೆವು. ಸ್ವಪರಿಚಯ ತೆಗೆದುಹಾಕಿದೆವು. ಕೆಟ್ಟುಹೋಗಿದ್ದ ಒಂದು ಹಬ್ ಮೋಟರ್, ಒಂದು ಮಲ್ಟಿಮೀಟರ್ ಇಟ್ಟು, ಏನಾಗಿದೆ ಹುಡುಕಿ, ಯಾವ ಭಾಷೆಯಲ್ಲಾದರೂ ಹೇಳಿ ಅಂದೆವು. ಮೂರನೇ ಸೆಮಿಸ್ಟರಿನವರಿಗೂ ಬಾಗಿಲು ತೆರೆದೆವು. ರಾಮನಗರದ ಗೆಳತಿ ಮತ್ತೆ ಬಂದಳು. ಸೆನ್ಸರಿನ ತಂತಿಯೊಂದು ಒಳಗೇ ತುಂಡಾಗಿದ್ದನ್ನು ಹುಡುಕಿ, ಯಾಕೆ ತುಂಡಾಗಿರಬಹುದು ಅಂತಲೂ ಹೇಳಿದಳು. ಈಗ ನಮ್ಮ ಮೋಟರ್ ವಿಭಾಗ ಅವಳದ್ದೇ.

ಎಲ್ಲ ಅಲ್ಲಿಗೇ ಸರಿಹೋಗಲಿಲ್ಲ. ಮೀಟಿಂಗ್‌ಗಳು ಸಂಜೆ ಐದೂವರೆಗೆ ಶುರುವಾಗುತ್ತಿದ್ದವು. ಅವಳ ರೈಲಿನ ಹೊತ್ತೂ ಅದೇ. ಹಾಸ್ಟೆಲಿನವರಿಗೆ ರಾತ್ರಿ ಹತ್ತಾದರೂ ಚಿಂತೆಯಿಲ್ಲ. ದೂರದಿಂದ ಬರುವವರಿಗೆ, ಸಂಜೆ ಟ್ಯೂಷನ್ ಹೇಳಿಕೊಟ್ಟು ಫೀಸಿಗೆ ಹೊಂದಿಸುವವರಿಗೆ ಅದಾಗುವುದಿಲ್ಲ. ವಾರಕ್ಕೆರಡು ಮೀಟಿಂಗನ್ನು ಊಟದ ವಿರಾಮಕ್ಕೆ ತಂದೆವು, ದೊಡ್ಡ ಕೆಲಸ ಶನಿವಾರಕ್ಕೆ ಇಟ್ಟೆವು. ಕೆಲವು ಸೀನಿಯರ್‌ಗಳಿಗೆ ಇದು ಹಿಡಿಸಲಿಲ್ಲ. ‘ಕ್ಲಬ್ ಅಂದ್ರೆ ರಾತ್ರಿ ಕೂತು ಕೆಲಸ ಮಾಡೋದು’ ಅಂದರು. ಆ ಜಗಳ ಇನ್ನೂ ನಡೆಯುತ್ತಿದೆ.

ಎಲ್ಲರನ್ನೂ ಸೇರಿಸಿಕೊಳ್ಳಲು ಆಗುವುದಿಲ್ಲ, ವರ್ಕ್‌ಶಾಪಿನಲ್ಲಿ ಜಾಗವೇ ಇರುವುದಿಲ್ಲ ಅನ್ನುವುದು ನಿಜ. ಆರಿಸಲೇಬೇಕು. ಆದರೆ ಯಾವುದರ ಮೇಲೆ ಆರಿಸುತ್ತೇವೆ ಅಂತ ನೋಟಿಸ್ ಬೋರ್ಡಿನಲ್ಲಿ ಮೊದಲೇ ಬರೆದು ಹಾಕುವುದಕ್ಕೆ ಏನೂ ಖರ್ಚಿಲ್ಲ. ಸಿಇಟಿಯಿಂದ ಕ್ಲಬ್‌ಗಳು ಕಲಿಯಬೇಕಾದದ್ದು ಇಷ್ಟೇ.

ಆಪ್ಷನ್ ಎಂಟ್ರಿಗೆ ಮುಂಚೆ

ಈ ವರ್ಷ ಪಟ್ಟಿ ಮಾಡುತ್ತಿರುವವರಿಗೆ ಒಂದು ಮಾತು. ಬ್ರಾಂಚು, ಫೀಸು, ದೂರ ನೋಡಿ, ಬೇಡ ಅನ್ನುವುದಿಲ್ಲ. ಜೊತೆಗೆ ಅರ್ಧ ದಿನ ಬಿಡುವು ಮಾಡಿಕೊಂಡು ಕಾಲೇಜಿಗೇ ಹೋಗಿ. ವೆಬ್‌ಸೈಟಿನಲ್ಲಿ ಇಪ್ಪತ್ತು ಕ್ಲಬ್ಬಿನ ಹೆಸರಿರಬಹುದು, ಉಸಿರಾಡುತ್ತಿರುವುದು ಎಷ್ಟು ಅಂತ ಕ್ಯಾಂಟೀನಿನಲ್ಲಿ ಕೂತ ಸೀನಿಯರ್‌ಗಳು ಹೇಳುತ್ತಾರೆ. ಅವರನ್ನು ಐದು ಪ್ರಶ್ನೆ ಕೇಳಿ: ಆಯ್ಕೆ ಕೆಲಸ ಕೊಟ್ಟು ಮಾಡುತ್ತಾರೋ, ಬರೀ ಮಾತಿನ ಮೇಲೋ? ಮೊದಲ ವರ್ಷ ತಪ್ಪಿದರೆ ಮತ್ತೆ ಅವಕಾಶ ಇದೆಯೋ? ಮೀಟಿಂಗ್ ಎಷ್ಟು ಹೊತ್ತಿಗೆ? ಖರ್ಚು ಯಾರ ಜೇಬಿನದು? ವರ್ಕ್‌ಶಾಪಿನ ಬೀಗದ ಕೈ ವಿದ್ಯಾರ್ಥಿಗಳಿಗೆ ಸಿಗುತ್ತದೋ?

ಈಗಾಗಲೇ ಕಾಲೇಜಿನಲ್ಲಿದ್ದು ಇಂಟರ್‌ವ್ಯೂನಲ್ಲಿ ಹೊರಬಿದ್ದವರು ಅಲ್ಲಿಗೇ ಕೈಚೆಲ್ಲಬೇಡಿ. ಮಾಡಿದ್ದನ್ನು ತೆಗೆದುಕೊಂಡು ಹೋಗಿ ಟೇಬಲ್ ಮೇಲೆ ಇಡಿ: ಬರೆದ ಕೋಡ್, ಕಟ್ಟಿದ ಸರ್ಕ್ಯೂಟ್, ರಿಪೇರಿ ಮಾಡಿದ ಮಿಕ್ಸಿ, ಏನಾದರೂ. ಮಾತು ಎರಡೇ ವಾಕ್ಯವಾದರೂ ಪರವಾಗಿಲ್ಲ. ಟೇಬಲ್ಲಿನ ಆ ಕಡೆ ಕೂತಿರುವ ನನ್ನಂಥವರು ಅದನ್ನು ಎತ್ತಿಕೊಂಡು ನೋಡಬೇಕು. ನೋಡದಿದ್ದರೆ, ‘ನೋಡಿ’ ಅಂತ ಕೇಳುವ ಹಕ್ಕು ನಿಮಗಿದೆ.