ಊರ ನಡುವಣ ಸರಸ್ವತೀ ಭಂಡಾರ

ಬಾದಾಮಿಗೆ ಸಮೀಪದಲ್ಲಿ, ಮಲಪ್ರಭೆಯ ದಡದಲ್ಲಿರುವ ಚೊಳಚಗುಡ್ಡವು ಬನಶಂಕರಿಯ ಜಾತ್ರೆಯಿಂದಾಗಿ ನಾಡಿಗೆಲ್ಲ ಪರಿಚಿತವಾದ ಊರು. ಪುಷ್ಯ ಮಾಸದ ಬನದ ಹುಣ್ಣಿಮೆಗೆ ತೇರು ಸಾಗಿದ ಮೇಲೆಯೂ ವಾರಗಟ್ಟಲೆ ನಾಟಕ ಕಂಪನಿಗಳು ಅಹೋರಾತ್ರಿ ಆಡುವ, ಮನೆ ಕಟ್ಟುವವರು ದೂರದೂರದಿಂದ ಬಂದು ಕೆತ್ತನೆಯ ಬಾಗಿಲು ಚೌಕಟ್ಟುಗಳನ್ನು ಕೊಂಡೊಯ್ಯುವ, ಬುಟ್ಟಿ ಹೊತ್ತು ಬಂದ ತಾಯಂದಿರು ಜೋಳದ ರೊಟ್ಟಿ, ಕೆಂಪು ಚಟ್ನಿ, ಗಡಿಗೆಯ ಮೊಸರುಗಳನ್ನು ಅಕ್ಕರೆಯಿಂದ ಬಡಿಸುವ ಆ ಸಂಭ್ರಮವನ್ನು ಕಂಡವರು ಬಹು ಮಂದಿ. ಆದರೆ ಜಾತ್ರೆಯ ಗದ್ದಲವೆಲ್ಲ ಅಡಗಿದ ಮೇಲೆ, ವರ್ಷದ ಉಳಿದ ತಿಂಗಳುಗಳಲ್ಲಿ ಇಂಥ ಊರುಗಳ ಬುದ್ಧಿಗೂ ಹೃದಯಕ್ಕೂ ಅನುದಿನವೂ ಆಹಾರವನ್ನೊದಗಿಸುವ ಗ್ರಾಮ ಗ್ರಂಥಾಲಯವೆಂಬ ಸಣ್ಣ ಸಂಸ್ಥೆಯನ್ನೂ, ಅದರ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನಡೆಯುವ ಮೇಲ್ವಿಚಾರಕನನ್ನೂ ಕುರಿತು ಬರೆದವರು ವಿರಳ. ಆತನ ವೃತ್ತಿಯನ್ನು ಓದುಗರಿಗೆ ಪರಿಚಯಿಸುವುದೇ ಈ ಲೇಖನದ ಉದ್ದೇಶ.

ಈ ವೃತ್ತಿ ಕನ್ನಡ ನೆಲಕ್ಕೆ ಹೊಸದೇನಲ್ಲ. ಇಂದಿನ ಕಲಬುರಗಿ ಜಿಲ್ಲೆಯ ನಾಗಾವಿಯಲ್ಲಿ ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಘಟಿಕಾಸ್ಥಾನವೆಂಬ ಉನ್ನತ ವಿದ್ಯಾಕೇಂದ್ರವಿತ್ತು. ಅಲ್ಲಿಯ ಕ್ರಿ. ಶ. 1058ರ ಶಾಸನವು ಅಧ್ಯಾಪಕರನ್ನೂ ವಿದ್ಯಾರ್ಥಿಗಳನ್ನೂ ಹೆಸರಿಸಿ ಅಷ್ಟಕ್ಕೇ ಸುಮ್ಮನಾಗದೆ, ಗ್ರಂಥಗಳನ್ನು ನೋಡಿಕೊಳ್ಳುವ ಆರು ಮಂದಿ ಸರಸ್ವತೀ ಭಂಡಾರಿಗರನ್ನೂ ಸ್ಮರಿಸುತ್ತದೆ. ಅದಕ್ಕೂ ಹಿಂದೆ, ಹತ್ತನೆಯ ಶತಮಾನದಲ್ಲಿ, ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ಒಂದೊಂದು ಓಲೆಗರಿಯನ್ನೂ ಲೋಹದ ಕಂಟದಿಂದ ಕೊರೆಯಬೇಕಾಗಿದ್ದ ಕಾಲದಲ್ಲಿ ಅದೆಂಥ ಸಾಹಸ! ಇನ್ನು ಚೊಳಚಗುಡ್ಡದ ನೆರೆಯಲ್ಲೇ, ಅದೇ ಮಲಪ್ರಭೆಯ ತೀರದಲ್ಲಿ, ಹಾನಗಲ್ಲ ಕುಮಾರಸ್ವಾಮಿಗಳು 1909ರಲ್ಲಿ ಸ್ಥಾಪಿಸಿದ ಶಿವಯೋಗಮಂದಿರವು ತಾಡವೋಲೆಗಳನ್ನು ಕೂಡಿಟ್ಟು ಕಾಪಾಡಿದ ಪುಣ್ಯಕ್ಷೇತ್ರ.

ಆದರೂ ಮಠದ ಭಂಡಾರಕ್ಕೂ ಸಾರ್ವಜನಿಕ ಗ್ರಂಥಾಲಯಕ್ಕೂ ಒಂದು ಭೇದವುಂಟು. ಜಾತಿ, ಮತ, ವಿದ್ಯೆ, ವಯಸ್ಸು ಯಾವುದನ್ನೂ ಕೇಳದೆ ಹೊಸಿಲು ದಾಟಿದವರಿಗೆಲ್ಲ ಪುಸ್ತಕ ಕೊಡಬೇಕೆಂಬ ನೇಮವು ಎರಡನೆಯದಕ್ಕೆ ಹುಟ್ಟಿನಿಂದಲೇ ಬಂದುದು. ಬಡೋದೆಯ ಸಯಾಜಿರಾವ್ ಮಹಾರಾಜರು 1910ರಿಂದೀಚೆಗೆ ಹಳ್ಳಿಹಳ್ಳಿಗೂ ಇಂಥ ಗ್ರಂಥಾಲಯವನ್ನು ಮುಟ್ಟಿಸತೊಡಗಿದರು. ಬಾದಾಮಿಯನ್ನೊಳಗೊಂಡ ಬಾಗಲಕೋಟೆಯ ಸೀಮೆ ಮುಂಬಯಿ ಪ್ರಾಂತದಲ್ಲಿದ್ದಾಗ, 1939ರಲ್ಲಿ, ಫೈಜಿ ಎಂಬವರ ಅಧ್ಯಕ್ಷತೆಯಲ್ಲಿ ಗ್ರಂಥಾಲಯಾಭಿವೃದ್ಧಿ ಸಮಿತಿಯೊಂದು ನೇಮಕವಾಯಿತು. ಏಕೀಕರಣದ ನಂತರ, ಬೆಂಗಳೂರಿನಲ್ಲಿ ನೆಲಸಿದ್ದ ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ ಅವರಂಥ ಮಹನೀಯರ ಪ್ರಭಾವದ ಬೆಳಕಿನಲ್ಲಿ 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆ ಜನ್ಮ ತಳೆಯಿತು. ಮನೆಯ ತೆರಿಗೆ ಕಟ್ಟುವಾಗ ರಸೀದಿಯ ಮೂಲೆಯಲ್ಲಿ ಕಾಣುವ ಗ್ರಂಥಾಲಯ ಕರವು ಅದರ ಫಲ. ತೆರಿಗೆಯ ಪ್ರತಿ ರೂಪಾಯಿಗೆ ಆರು ಪೈಸೆಯಂತೆ ಊರಿನವರೇ ಕೊಟ್ಟ ಹಣವದು, ಆದುದರಿಂದ ಆ ಕಪಾಟಿನ ಪುಸ್ತಕಗಳು ಯಾರ ಔದಾರ್ಯವೂ ಅಲ್ಲ, ಊರಿನ ಸ್ವತ್ತು. 2019ರಲ್ಲಿ ಗ್ರಾಮ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ವಶಕ್ಕೆ ಬಂದವು. ಮರುವರ್ಷದ ನವೆಂಬರದಲ್ಲಿ ಮಕ್ಕಳಿಗಾಗಿ ‘ಓದುವ ಬೆಳಕು’ ಎಂಬ ಕಾರ್ಯಕ್ರಮ ಆರಂಭವಾಯಿತು. ಈಗ ಈ ಗ್ರಂಥಾಲಯಗಳನ್ನು ಅರಿವು ಕೇಂದ್ರಗಳೆಂದೂ ಕರೆಯುತ್ತಾರೆ. ಜನರ ಬಾಯಲ್ಲಿ ಮಾತ್ರ ಅದು ‘ಲೈಬ್ರರಿ’, ಮೇಲ್ವಿಚಾರಕ ‘ಲೈಬ್ರರಿ ಸರ’.

ಲೈಬ್ರರಿ ಸರನ ದಿನಚರಿ ಕಸಬರಿಗೆಯಿಂದ ಮೊದಲಾಗುತ್ತದೆ. ಗುಡಿಸಿ, ಬೆಂಚು ಒರೆಸಿ, ಅಂದಿನ ಪತ್ರಿಕೆಗಳಿಗೆ ಮೊಹರು ಒತ್ತಿ, ಹಾಳೆಗಳು ಚದುರದಂತೆ ಹೊಲಿದು ಮೇಜಿನ ಮೇಲೆ ಹರಡುವ ಹೊತ್ತಿಗೆ ಕಟ್ಟೆಯ ಮೇಲೆ ಕಾಯುತ್ತ ಕುಳಿತ ಹಿರಿಯರು ಒಳಗೆ ಬಂದಿರುತ್ತಾರೆ. ಬಂದ ಪ್ರತಿ ಪುಸ್ತಕಕ್ಕೂ ಪರಿಗ್ರಹಣ ವಹಿಯಲ್ಲಿ ಒಂದು ಸಂಖ್ಯೆ, ಒಯ್ದ ಪ್ರತಿ ಪುಸ್ತಕಕ್ಕೂ ಎರವಲು ವಹಿಯಲ್ಲಿ ಒಂದು ಸಹಿ. ಡ್ಯೂಯಿಯ ದಶಾಂಶ ವರ್ಗೀಕರಣದಲ್ಲಿ ಕನ್ನಡ ಸಾಹಿತ್ಯಕ್ಕೆ 894.814 ಎಂಬ ಸ್ಥಾನವಿದೆ. ಪಟ್ಟಣದ ದೊಡ್ಡ ಗ್ರಂಥಾಲಯ ಅಂಥ ವರ್ಗೀಕರಣವಿಲ್ಲದೆ ನಡೆಯದು. ಒಂದೇ ಕೋಣೆಯ ಹಳ್ಳಿಯ ಗ್ರಂಥಾಲಯದಲ್ಲಿಯಾದರೋ ಸೂಚಿಪತ್ರದ ಕೆಲಸವನ್ನು ಬಹುಮಟ್ಟಿಗೆ ಮೇಲ್ವಿಚಾರಕನ ನೆನಪೇ ನಿರ್ವಹಿಸುತ್ತದೆ. ಯಾವ ಪುಸ್ತಕ ಎಲ್ಲಿದೆಯೆಂಬುದಕ್ಕಿಂತಲೂ ಯಾವುದು ಯಾರಿಗೆ ಬೇಕೆಂಬ ನೆನಪು ದೊಡ್ಡದು.

ಈ ಎರಡನೆಯ ನೆನಪನ್ನೇ ನಾನು ವೃತ್ತಿಯ ತಿರುಳೆಂದು ಎಣಿಸುತ್ತೇನೆ. ರಂಗನಾಥನ್ನರು 1931ರಲ್ಲಿ ಪ್ರಕಟಿಸಿದ ಗ್ರಂಥಾಲಯ ಶಾಸ್ತ್ರದ ಪಂಚಸೂತ್ರಗಳಲ್ಲಿ ಪ್ರತಿ ಓದುಗನಿಗೂ ತಕ್ಕ ಪುಸ್ತಕ, ಪ್ರತಿ ಪುಸ್ತಕಕ್ಕೂ ತಕ್ಕ ಓದುಗ ಎಂಬ ಆಶಯದ ಸೂತ್ರಗಳೆರಡಿವೆ. ಶಾಲೆ ಬಿಟ್ಟೊಡನೆ ಪಾಟೀಚೀಲ ಹೆಗಲಿಗೇರಿಸಿಯೇ ಓಡಿಬಂದ ಹುಡುಗಿ ಬಾಗಿಲಲ್ಲೇ ನಿಂತು “ಸರ, ಹೊಸಾ ಕತಿ ಪುಸ್ತಕ ಬಂದಾವೇನ್ರಿ?” ಎಂದಾಗ, ಹಿಂದಿನ ಸಲ ಅವಳು ಅರ್ಧಕ್ಕೇ ಬಿಟ್ಟುಕೊಟ್ಟುದು ಯಾವುದು, ಎರಡು ಸಲ ಒಯ್ದುದು ಯಾವುದು ಎಂದು ಬಲ್ಲವನು ಕೈಯೆತ್ತಿ ಯಾವ ಪುಸ್ತಕವನ್ನು ಇಳಿಸುತ್ತಾನೆಂಬುದರ ಮೇಲೆ ಆ ಮಗುವಿನ ಓದಿನ ಭವಿಷ್ಯವೇ ನಿಂತಿರುವುದುಂಟು. ಪೊಲೀಸ್ ನೇಮಕಾತಿಯ ಪರೀಕ್ಷೆಗೆ ಕೂತ ತರುಣನಿಗೆ ಹಳೆಯ ಪ್ರಶ್ನಪತ್ರಿಕೆ ಬೇಕು. ಎಲೆಬಳ್ಳಿಯ ತೋಟದ ರೈತನಿಗೆ ರೋಗದ ಔಷಧಿ ತಿಳಿಸುವ ಕೃಷಿ ಪತ್ರಿಕೆ ಬೇಕು. ಕಣ್ಣು ಮಂಜಾದ ಅಜ್ಜನಿಗೆ ದಪ್ಪ ಅಕ್ಷರದ ಪುರಾಣ ಬೇಕು, ಅದೂ ಇಲ್ಲವಾದರೆ ಓದಿ ಹೇಳುವವರೊಬ್ಬರು ಬೇಕು. ಪೆನ್ಷನ್ ಅರ್ಜಿ ತುಂಬಿಸಿಕೊಳ್ಳಲು ಬಂದ ಅವ್ವನನ್ನು “ಅದು ನನ್ನ ಕೆಲಸವಲ್ಲ” ಎಂದು ಕಳಿಸುವ ಮೇಲ್ವಿಚಾರಕ ನಿಯಮವನ್ನು ಪಾಲಿಸಿದಂತಾದೀತು. ಊರಿನ ವಿಶ್ವಾಸವನ್ನು ಮಾತ್ರ ಗಳಿಸಲಾರ.

ಪುಸ್ತಕಕ್ಕೆ ಶತ್ರುಗಳೂ ಅನೇಕ. ಗೆದ್ದಲಿಗೆ ಕಪಾಟನ್ನು ಗೋಡೆಯಿಂದ ಅಂತರವಿಟ್ಟು ನಿಲ್ಲಿಸಬೇಕು, ಹುಳುವಿಗೆ ಒಣ ಬೇವಿನೆಲೆ ಇಡಬೇಕು. ನೀರು ಎಲ್ಲಕ್ಕಿಂತ ಕ್ರೂರವಾದುದು. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಬಾದಾಮಿ ತಾಲೂಕಿನ ದಡದ ಊರುಗಳಿಗೆ ನುಗ್ಗಿದ್ದನ್ನು ಇಲ್ಲಿಯ ಜನ ಮರೆತಿಲ್ಲ. ತೊಯ್ದ ಪುಸ್ತಕವನ್ನು ಬಿಸಿಲಿಗೆ ಹಾಕಿದರೆ ಹಾಳೆ ಸೊಟ್ಟಗಾಗಿ ಬೆನ್ನು ಬಿರಿಯುತ್ತದೆ. ಕೆಲವು ಹಾಳೆಗಳಿಗೊಂದರಂತೆ ನಡುವೆ ಒಣ ಕಾಗದವಿಟ್ಟು, ಗಾಳಿಯಾಡುವ ನೆರಳಿನಲ್ಲಿ ನಿಲ್ಲಿಸಿ, ಕಾಗದವನ್ನು ಮತ್ತೆ ಮತ್ತೆ ಬದಲಿಸಿ, ಕೊನೆಗೆ ಭಾರವಿಟ್ಟು ಒತ್ತಬೇಕು. ಬೂಷ್ಟು ಹಿಡಿಯುವುದಕ್ಕೆ ಎರಡು ಮೂರು ದಿನ ಸಾಕಾದುದರಿಂದ ಮೇಲಿನ ಆಜ್ಞೆಗಾಗಿ ಕಾಯುವಂತಿಲ್ಲ.

ಇಷ್ಟೆಲ್ಲವನ್ನೂ ಈ ಮೇಲ್ವಿಚಾರಕರು ಬಹುಕಾಲ ಅಲ್ಪ ಗೌರವಧನಕ್ಕೆ ಮಾಡಿದರು. ಕನಿಷ್ಠ ವೇತನಕ್ಕಾಗಿ ವರುಷಗಟ್ಟಲೆ ಬೇಡಿಕೆ ಇಡಬೇಕಾಯಿತು. ನಾಗಾವಿಯ ಭಂಡಾರಿಗರ ಜೀವನಕ್ಕೆ ಭೂಮಿಯನ್ನೇ ಬಿಟ್ಟುಕೊಟ್ಟ ನಾಡಿನಲ್ಲಿ ಹೀಗಾದುದು ನನಗೆ ವ್ಯಥೆಯ ವಿಷಯ. ಸಂಬಳದಷ್ಟೇ ಮುಖ್ಯವಾದ ಮತ್ತೊಂದುಂಟು: ಪುಸ್ತಕಗಳ ಆಯ್ಕೆಯಲ್ಲಿ ಆತನ ಮಾತಿಗೆ ಬೆಲೆ. ದೂರದ ಪಟ್ಟಣದಲ್ಲಿ ಆರಿಸಿದ ಒಂದೇ ಪಟ್ಟಿ ಮಲೆನಾಡಿಗೂ ಮಲಪ್ರಭೆಯ ದಡಕ್ಕೂ ಒಪ್ಪಲಾರದು. ದೇವಾಂಗರು ಕುಲದೇವತೆಯೆಂದು ಬನಶಂಕರಿಗೆ ನಡೆದುಕೊಳ್ಳುವ, ಇಳಕಲ್ಲು ಗುಳೇದಗುಡ್ಡಗಳ ಮಗ್ಗಗಳು ನೆರೆಯಲ್ಲೇ ಇರುವ ಈ ಸೀಮೆಯಲ್ಲಿ ನೇಕಾರಿಕೆಯ ಪುಸ್ತಕವಾಗಲಿ ಕಂಪನಿ ನಾಟಕದ ಪುಸ್ತಕವಾಗಲಿ ಕೇಳಿದವರಿಗೆ ದೊರೆಯಬೇಡವೇ? ಜನರು ಕೇಳಿ ಸಿಗದೆ ಹಿಂದಿರುಗಿದ ಪುಸ್ತಕಗಳ ಹೆಸರುಗಳಿಗಾಗಿ ಪ್ರತಿ ಗ್ರಂಥಾಲಯದಲ್ಲಿಯೂ ಒಂದು ವಹಿ ಇರಲಿ; ಮೇಲ್ವಿಚಾರಕನು ಅದನ್ನು ಗ್ರಾಮಸಭೆಯಲ್ಲಿ ಎದ್ದು ನಿಂತು ಓದಲಿ; ಮುಂದಿನ ಖರೀದಿ ಆ ಪಟ್ಟಿಯಿಂದಲೇ ಮೊದಲಾಗಲಿ.