ಕಳೆದ ವಿಮಾನವನ್ನು ಬೆಟ್ಟದಲ್ಲಿ ಹುಡುಕುವ ಬಗೆ

ಆಳಂದದ ಕಡೆಯಿಂದ ಹರಿದುಬರುವ ಅಮರ್ಜಾ ನದಿಯು ಅಫಜಲಪುರ ತಾಲ್ಲೂಕಿನ ಗಾಣಗಾಪುರದ ಬಳಿ ಭೀಮೆಯನ್ನು ಕೂಡುತ್ತದೆ. ಭೀಮೆಯು ಜೇವರ್ಗಿಯ ಸೀಮೆಯನ್ನು ದಾಟಿ, ರಾಯಚೂರಿನ ಉತ್ತರಕ್ಕೆ ಕೃಷ್ಣೆಯಲ್ಲಿ ಬೆರೆತು, ಮುಂದೆ ಶ್ರೀಶೈಲದ ನಲ್ಲಮಲೆಯನ್ನು ಹೊಗುತ್ತದೆ. ಯುಗಾದಿಯ ವೇಳೆಗೆ ಮಲ್ಲಿಕಾರ್ಜುನನ ದರ್ಶನಕ್ಕೆಂದು ಈ ಭಾಗದಿಂದ ಪಾದಯಾತ್ರೆ ಮಾಡಿದವರಿಗೆ ಆ ಮಲೆಯ ಪರಿಚಯವುಂಟು. ನಮ್ಮ ಎರೆಯ ಬಯಲಿನಲ್ಲಿ ಒಂದು ಹರದಾರಿ ದೂರದ ಒಂಟಿ ಬೇವಿನ ಮರವೂ ಕಣ್ಣಿಗೆ ಬೀಳುತ್ತದೆ. ಭೀಮನ ಕೊಳ್ಳಕ್ಕೆ ಇಳಿದ ಮೇಲೆ ಹತ್ತು ಮಾರು ಮುಂದೆ ಹೋದ ಸಂಗಡಿಗನೇ ಕಾಣಿಸನು. ಇಂತಹ ಕಡೆ ವಿಮಾನವೊಂದು ಬಿದ್ದರೆ ಅದನ್ನು ಸೈನಿಕರು ಹೇಗೆ ಹುಡುಕುತ್ತಾರೆಂಬುದೇ ಈ ಭಾಷಣದ ವಿಷಯ.

2009ನೆಯ ಇಸವಿ ಸೆಪ್ಟೆಂಬರ್ 2ರ ಬೆಳಿಗ್ಗೆ, ಆಗಿನ ಆಂಧ್ರಪ್ರದೇಶದ ಮುಖ್ಯಮಂತ್ರಿ ವೈ. ಎಸ್. ರಾಜಶೇಖರ ರೆಡ್ಡಿಯವರೂ ಇತರ ನಾಲ್ವರೂ ಇದ್ದ ಹೆಲಿಕಾಪ್ಟರು ಹೈದರಾಬಾದಿನ ಬೇಗಂಪೇಟೆಯಿಂದ ಚಿತ್ತೂರಿನ ಕಡೆಗೆ ಹೊರಟಿತು. ನಲ್ಲಮಲೆಯ ಮೇಲೆ ಮೋಡ ಮಳೆಗಳು ಕವಿದಿದ್ದುವು. ಒಂದು ಗಂಟೆ ಕಳೆಯುವುದರೊಳಗೆ ಅದರ ಸಂಪರ್ಕ ಕಡಿದುಹೋಯಿತು. ವಾಯುಪಡೆಯ ಹೆಲಿಕಾಪ್ಟರುಗಳು ಹೊರಟುವು; ನೆಲದ ಶಾಖವನ್ನು ಚಿತ್ರವಾಗಿ ತೋರಿಸುವ ಉಪಕರಣವಿದ್ದ ಸುಖೋಯ್ ವಿಮಾನವೂ ಬಂದಿತು; ಕೆಳಗೆ ಅರೆಸೈನಿಕ ಪಡೆಯವರು ಕಾಡನ್ನು ಹೊಕ್ಕರು. ಮರುದಿನ ಬೆಳಿಗ್ಗೆ ಬೆಟ್ಟದ ನೆತ್ತಿಯೊಂದರ ಮೇಲೆ ಭಗ್ನಾವಶೇಷಗಳು ಕಂಡುವು. ಐವರಲ್ಲಿ ಒಬ್ಬರೂ ಬದುಕಿರಲಿಲ್ಲ.

ಇದನ್ನು ಕೇಳಿದವರು, ಜನ ಹೆಚ್ಚಾದರೆ ಹುಡುಕಾಟ ಬೇಗ ಮುಗಿಯುವುದೆಂದು ಭಾವಿಸಬಹುದು. ಜನಬಲ ಬೇಕು, ನಿಜ. ಆದರೆ ಅದಕ್ಕಿಂತ ಮೊದಲು ಬೇಕಾದುದು ಲೆಕ್ಕ. ನಮ್ಮ ರೈತನೊಬ್ಬನ ಕರು ತಪ್ಪಿಸಿಕೊಂಡಿದೆ ಎಂದಿಟ್ಟುಕೊಳ್ಳೋಣ. ಒಂದು ಕಡೆ ಕೊಯ್ಲಾದ ಬರಿಯ ಹೊಲ. ಇನ್ನೊಂದು ಕಡೆ ಆಳೆತ್ತರ ಬೆಳೆದ ತೊಗರಿ. ಬರಿಯ ಹೊಲವನ್ನು ಒಮ್ಮೆ ನೋಡಿ ಕರು ಇಲ್ಲವೆಂದರೆ ಆ ಮಾತು ಮುಗಿಯಿತು. ತೊಗರಿಯ ಹೊಲವನ್ನು ಒಮ್ಮೆ ಸುತ್ತಿಬಂದು ಇಲ್ಲವೆಂದರೆ ಮಾತು ಮುಗಿಯಲಿಲ್ಲ. ಸಂಶಯ ಕೊಂಚ ಇಳಿಯಿತು, ಅಷ್ಟೆ. ಸೈನಿಕರ ವಿಧಾನವೂ ಇದೇ. ವಿಮಾನವು ಕಡೆಯ ಬಾರಿ ಮಾತನಾಡಿದ ಸ್ಥಳ, ಅದರ ವೇಗ, ದಿಕ್ಕು, ಗಾಳಿ, ಇವುಗಳಿಂದ ನಕ್ಷೆಯ ಮೇಲೆ ಒಂದು ಪ್ರದೇಶವನ್ನು ಗುರುತಿಸಿ, ಅದನ್ನು ಚೌಕಗಳಾಗಿ ವಿಭಾಗಿಸುತ್ತಾರೆ. ಪ್ರತಿಯೊಂದು ಚೌಕಕ್ಕೂ ವಿಮಾನವು ಅಲ್ಲಿರುವ ಸಂಭವ ಎಷ್ಟೆಂದು ಒಂದು ಅಂಕೆಯನ್ನು ಕೊಡುತ್ತಾರೆ. ಹುಡುಕಿ ಬರಿಗೈಯಲ್ಲಿ ಬಂದ ಚೌಕದ ಅಂಕೆ ಇಳಿಯುತ್ತದೆ, ಉಳಿದವುಗಳ ಅಂಕೆ ಏರುತ್ತದೆ. ದಟ್ಟವಾದ ಕಾಡಿನ ಚೌಕವಾದರೆ ಸ್ವಲ್ಪವೇ ಇಳಿಯುತ್ತದೆ. ಹದಿನೆಂಟನೆಯ ಶತಮಾನದ ಆಂಗ್ಲ ಪಾದ್ರಿ ತಾಮಸ್ ಬೇಯ್ಸನ ಸಂಭವಗಣಿತವೇ ಇದಕ್ಕೆ ಆಧಾರ. ಆದುದರಿಂದ ಏನೂ ಸಿಕ್ಕದೆ ಹಿಂದಿರುಗಿದ ತಂಡದ ದುಡಿಮೆಯೂ ವ್ಯರ್ಥವಲ್ಲ. ಹುಡುಕಿದುದೆಲ್ಲಿ, ಎಷ್ಟು ಚೆನ್ನಾಗಿ ಎಂಬುದನ್ನು ಪ್ರಾಮಾಣಿಕವಾಗಿ ಬರೆದಿಡಬೇಕು.

ಹೊಲವೇ ಚಲಿಸುವಂತಿದ್ದರೆ ಈ ಲೆಕ್ಕ ಏನಾದೀತು? 1968ನೆಯ ಇಸವಿ ಫೆಬ್ರವರಿ 7ರಂದು ವಾಯುಪಡೆಯ ಆನ್-12 ವಿಮಾನವೊಂದು 102 ಮಂದಿಯೊಡನೆ ಚಂಡೀಗಢದಿಂದ ಲೇಹ್‌ಗೆ ಹೊರಟಿತ್ತು. ಹವೆ ಕೆಟ್ಟುದರಿಂದ ಹಿಂದಿರುಗುತ್ತಿದ್ದಾಗ ರೋಹತಾಂಗ್ ಕಣಿವೆಯ ಸಮೀಪ ಅದು ಕಣ್ಮರೆಯಾಯಿತು. ಮೂವತ್ತೈದು ವರ್ಷ ಅದರ ಸುಳಿವೇ ಇಲ್ಲ. 2003ರಲ್ಲಿ ಚಂದ್ರಭಾಗಾ ಶಿಖರಗಳನ್ನು ಏರಹೋದ ಪರ್ವತಾರೋಹಿಗಳಿಗೆ ಹಿಮದಲ್ಲಿ ಅವಶೇಷಗಳು ದೊರೆತುವು. ಅಲ್ಲಿಂದಾಚೆಗೆ ಸೈನ್ಯದ ಡೋಗ್ರಾ ಸ್ಕೌಟ್ಸ್ ದಳದವರು ಮತ್ತೆ ಮತ್ತೆ ಆ ಹಿಮನದಿಯನ್ನು ಶೋಧಿಸಿದರು. ಹಿಮನದಿ ಎಂಬುದು ನಿಂತ ಮಂಜಲ್ಲ. ಬಲು ಮೆಲ್ಲನೆ ಕೆಳಕ್ಕೆ ಹರಿಯುವ ಮಂಜು. ಇಂದು ನುಂಗಿದುದನ್ನು ಅದು ಹಲವು ವರ್ಷಗಳ ಬಳಿಕ ಮತ್ತೆಲ್ಲಿಯೋ ಹೊರಗೆ ಹಾಕುವುದುಂಟು. ಹಿಂದಿನ ವರ್ಷ ಬರಿದಾಗಿದ್ದ ಬಿರುಕು ಈ ವರ್ಷ ಬರಿದೆಂದು ಹೇಳುವಂತಿಲ್ಲ. ಹುಡುಕಿದ ಚೌಕವನ್ನೇ ಮತ್ತೆ ಹುಡುಕಬೇಕು. ಆ ಎತ್ತರದಲ್ಲಿ ಉಸಿರಿಗೆ ಗಾಳಿ ಸಾಲದು, ಕೆಲಸಕ್ಕೆ ಅನುಕೂಲವಾದ ಕಾಲವೋ ಬೇಸಗೆಯ ಕೆಲವು ವಾರಗಳು ಮಾತ್ರ. 2019ರಲ್ಲಿ ವಿಮಾನದ ಅನೇಕ ಭಾಗಗಳು ಕೈಸೇರಿದುವು. 2024ರ ಸೆಪ್ಟೆಂಬರಿನಲ್ಲಿ, ಐವತ್ತಾರು ವರ್ಷಗಳ ಮೇಲೆ, ಇನ್ನೂ ನಾಲ್ವರ ದೇಹಗಳು ಹೊರಬಂದುವು. ಸಂಸ್ಕಾರ ಮಾಡಲು ದೇಹವೂ ಇಲ್ಲದೆ, ಬರುವನೆಂಬ ಆಸೆಯನ್ನೂ ಬಿಡಲಾರದೆ ಇದ್ದ ಮನೆಗಳಿಗೆ ಈ ದುಡಿಮೆಯ ಬೆಲೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಬಿದ್ದ ವಿಮಾನದಲ್ಲಿ ಬಾಂಬುಗಳಿದ್ದರಂತೂ ಬದುಕಿರುವವರಿಗೂ ಆತಂಕ. 1966ನೆಯ ಇಸವಿ ಜನವರಿ 17ರಂದು ಸ್ಪೇನ್ ದೇಶದ ಪಾಲೊಮಾರೆಸ್ ಎಂಬ ಹಳ್ಳಿಯ ಮೇಲೆ, ಅಮೆರಿಕದ ಬಿ-52 ಬಾಂಬರು ವಿಮಾನವು ಆಕಾಶದಲ್ಲಿಯೇ ಇಂಧನ ತುಂಬಿಸಿಕೊಳ್ಳಲು ಹೋಗಿ ಇಂಧನದ ವಿಮಾನಕ್ಕೆ ತಾಗಿತು. ಏಳು ಮಂದಿ ಮಡಿದರು. ಬಾಂಬರಿನಲ್ಲಿದ್ದ ನಾಲ್ಕು ಜಲಜನಕ ಬಾಂಬುಗಳಲ್ಲಿ ಮೂರು ನೆಲದ ಮೇಲೆ ಬೇಗನೆ ಸಿಕ್ಕಿದುವು. ಅಣುಸ್ಫೋಟವಾಗಲಿಲ್ಲವಾದರೂ, ಎರಡರೊಳಗಿನ ಸಾಮಾನ್ಯ ಸಿಡಿಮದ್ದು ಸಿಡಿದು ಪ್ಲುಟೋನಿಯಂ ಎಂಬ ವಿಷಧೂಳಿ ಹೊಲಗಳ ಮೇಲೆ ಹರಡಿತು. ನಾಲ್ಕನೆಯದಕ್ಕಾಗಿ ಸೈನಿಕರು ಸಾಲುಗಟ್ಟಿ ಒಣಗುಡ್ಡಗಳನ್ನು ನಡೆದು ನೋಡಿದರು, ಸಿಕ್ಕಲಿಲ್ಲ. ಫ್ರಾನ್ಸಿಸ್ಕೊ ಸಿಮೊ ಎಂಬ ಬೆಸ್ತನು ದೊಡ್ಡ ಪ್ಯಾರಾಚೂಟೊಂದು ಕಡಲಿಗೆ ಇಳಿದುದನ್ನು ಕಂಡಿದ್ದನು. ಅವನು ತೋರಿಸಿದ ಸ್ಥಳಕ್ಕೂ ಮೇಲೆ ಹೇಳಿದ ಅಂಕೆಗಳ ಲೆಕ್ಕದಲ್ಲಿ ಬೆಲೆ ದೊರೆಯಿತು. ಆಲ್ವಿನ್ ಎಂಬ ಪುಟ್ಟ ಜಲಾಂತರ್ಗಾಮಿಯು ಕಡಲ ಆಳದಲ್ಲಿ ಬಾಂಬನ್ನು ಕಂಡುಹಿಡಿಯಿತು. ಏಪ್ರಿಲ್ 7ರಂದು ಅದನ್ನು ಮೇಲೆತ್ತಿದರು. ಸಾವಿರಗಟ್ಟಲೆ ಪೀಪಾಯಿಗಳಲ್ಲಿ ಆ ಹೊಲಗಳ ಮಣ್ಣನ್ನು ತುಂಬಿ ಅಮೆರಿಕಕ್ಕೆ ಸಾಗಿಸಿದರು. ಆದರೂ ಮಣ್ಣು ಪೂರ್ತಿಯಾಗಿ ಶುದ್ಧಿಯಾಗದೆ, 2015ರಲ್ಲಿ ಎರಡು ದೇಶಗಳೂ ಮತ್ತೆ ಶುದ್ಧೀಕರಣದ ಮಾತನ್ನು ಎತ್ತಬೇಕಾಯಿತು.

ಇಷ್ಟು ಹೇಳಿದ ಮೇಲೆ ಕೇಳುಗರಿಗೂ ಒಂದು ಪಾಲಿನ ಕೆಲಸ ಉಳಿಯುತ್ತದೆ. ಆಕಾಶದಿಂದ ಏನಾದರೂ ಬಿದ್ದುದನ್ನು ಕಂಡರೆ, ನಿಂತ ಸ್ಥಳವನ್ನೂ, ಹೊತ್ತನ್ನೂ, ಅದು ಸಾಗಿದ ದಿಕ್ಕನ್ನೂ ಒಡನೆಯೆ ಬರೆದಿಟ್ಟು ಪೊಲೀಸರಿಗೆ ತಿಳಿಸಬೇಕು. ಅಪರಿಚಿತವಾದ ಲೋಹದ ವಸ್ತು ಹೊಲದಲ್ಲಿ ಸಿಕ್ಕಿದರೆ ಮುಟ್ಟದೆ, ಸರಿಸದೆ, ಮಕ್ಕಳನ್ನು ದೂರವಿಟ್ಟು ಸುದ್ದಿ ಕೊಡಬೇಕು. ಕಂಡುದನ್ನಷ್ಟೇ ಹೇಳಬೇಕು, ಊಹೆಯನ್ನು ಕಂಡುದರೊಡನೆ ಬೆರೆಸಬಾರದು. ಕಡಲ ಮೇಲಿದ್ದ ಬೆಸ್ತನೊಬ್ಬನ ಕಣ್ಣು ಪಂಡಿತರ ಲೆಕ್ಕಕ್ಕೆ ನೆರವಾಯಿತು. ನಾಳೆ ನಮ್ಮ ಹೊಲದ ಬದುವಿನ ಮೇಲೆ ನಿಂತ ದನಗಾಹಿಯ ಮಾತಿಗೂ ಅಷ್ಟೇ ಬೆಲೆ ಬರಬಹುದು.